ಹಡಗಿನ ಪಟ್ಟಿಯಲ್ಲಿ ‘ತೆರ್ರಾನೋವಾ’ ಅಂತ ಮಾತ್ರ ಇದೆ. ಅತ್ತೆಯ ಅಜ್ಜನ ಊರು ಯಾವುದು?

ಶಿರಸಿ ಕಡೆಯವಳು

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಹತ್ತಿರದವಳು. ಮದುವೆಯಾಗಿ ನ್ಯೂಜೆರ್ಸಿಯಲ್ಲಿದ್ದೇನೆ. ಗಂಡನ ಮನೆಯವರು ಇಟಲಿ ಮೂಲದವರು. ಪ್ರಶ್ನೆ ನಮ್ಮ ಅತ್ತೆಯದು, ಅವರ ಪರವಾಗಿ ನಾನು ಕೇಳುತ್ತಿದ್ದೇನೆ. ಅವರಿಗೆ ಈಗ 84 ವರ್ಷ. ಮುಂದಿನ ಸೆಪ್ಟೆಂಬರ್‌ನಲ್ಲಿ ಇಟಲಿಗೆ ಹೋಗಿ ತಮ್ಮ ತಾಯಿಯ ತಂದೆ ಹುಟ್ಟಿದ ಊರು ನೋಡಬೇಕು ಅಂತ ಆಸೆ. ಆದರೆ ಊರು ಯಾವುದು ಅಂತಲೇ ಖಚಿತವಾಗಿ ಗೊತ್ತಿಲ್ಲ.

ನಮ್ಮ ಹತ್ತಿರ ಇರುವುದು ಇಷ್ಟು. ಅಜ್ಜ 1903ರಲ್ಲಿ ನೇಪಲ್ಸ್‌ನಿಂದ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದರು. ಹಡಗಿನಲ್ಲಿ ಬಂದವರನ್ನು ಆಗ ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ದ್ವೀಪದ ಪಟ್ಟಿ ಸಿಕ್ಕಿದೆ. ವಯಸ್ಸು 24, ಮದುವೆಯಾಗಿಲ್ಲ, ಓದು ಬರಹ ಬಾರದು, ಕೈಯಲ್ಲಿ 12 ಡಾಲರ್. ಕೊನೆಯದಾಗಿ ವಾಸವಿದ್ದ ಊರು ‘ತೆರ್ರಾನೋವಾ’. ನ್ಯೂಜೆರ್ಸಿಯ ನ್ಯೂಅರ್ಕ್‌ನಲ್ಲಿರುವ ಭಾವನ ಮನೆಗೆ ಹೋಗುತ್ತಿದ್ದೇನೆ ಅಂತ ಬರೆಸಿದ್ದಾರೆ. ಮ್ಯಾಪಿನಲ್ಲಿ ನೋಡಿದರೆ ಆ ಹೆಸರಿನ ಊರು ಇಟಲಿಯಲ್ಲಿ ಹಲವು ಇವೆ!

1908ರಲ್ಲಿ ನ್ಯೂಅರ್ಕ್‌ನ ಒಂದು ಚರ್ಚಿನಲ್ಲಿ ಅಜ್ಜನ ಮದುವೆ ಆಯಿತು. ಹುಡುಗಿ ಅದೇ ಊರಿನವಳು ಅಂತ ಹೇಳುತ್ತಾರೆ. ಆ ಅಜ್ಜಿ ಹೆರಿಗೆಯಲ್ಲಿ ತೀರಿಕೊಂಡರು. ಅತ್ತೆ ಅವರನ್ನು ನೋಡಿಯೇ ಇಲ್ಲ. ಮನೆಯಲ್ಲಿ ಯಾರಿಗೂ ಅಜ್ಜಿಯ ತವರಿನ ಮನೆತನದ ಹೆಸರು ಗೊತ್ತಿಲ್ಲ. ಗೋರಿಯ ಮೇಲೂ ಗಂಡನ ಮನೆತನದ ಹೆಸರೇ ಇದೆ. ಅತ್ತೆಗೆ ಜಾಸ್ತಿ ಕಾಡುವುದು ಇದೇ. “ಅವಳು ಯಾರ ಮನೆ ಮಗಳು ಅಂತ ತಿಳಿಯದೆ ನಾನು ಸಾಯುತ್ತೇನಾ?” ಅಂತ ಒಮ್ಮೆ ಕೇಳಿಬಿಟ್ಟರು.

ಅಜ್ಜ ತೀರಿಕೊಂಡಾಗ ಅತ್ತೆಗೆ 20 ವರ್ಷ. ಅಜ್ಜ ಹೇಳುತ್ತಿದ್ದ ಕೆಲವು ಮಾತು ಅವರಿಗೆ ಚೆನ್ನಾಗಿ ನೆನಪಿದೆ. ಊರಲ್ಲಿ ಚಳಿಗಾಲಕ್ಕೆ ಬಾಗಿಲು ಮುಚ್ಚುವಷ್ಟು ಹಿಮ ಬೀಳುತ್ತಿತ್ತಂತೆ. ಆಡು ಕಾಯುತ್ತಿದ್ದರಂತೆ. ಹತ್ತಿರದ ಒಂದು ಊರಲ್ಲಿ ಜನ ಬೇರೆ ಭಾಷೆ ಆಡುತ್ತಿದ್ದರು, ಅಲ್ಲಿಯ ಪಾದ್ರಿಗೆ ಹೆಂಡತಿ ಮಕ್ಕಳು ಇದ್ದರು ಅಂತ ಹೇಳಿ ನಗುತ್ತಿದ್ದರಂತೆ. ಅಜ್ಜ ಸುಮ್ನೆ ಕಥೆ ಕಟ್ಟುತ್ತಿದ್ದರು ಅಂತ ಮನೆಯವರೆಲ್ಲ ಅಂದುಕೊಂಡಿದ್ದರು.

ಇನ್ನೊಂದು ವಸ್ತು ಇದೆ. ಬಿಸ್ಕತ್ತಿನ ಹಳೆ ಡಬ್ಬಿಯಲ್ಲಿ ಜಪಸರದ ಜೊತೆ ಒಂದು ಮರದ ಕೊಳವೆ. ಒಂದು ಗೇಣಿಗಿಂತ ಸ್ವಲ್ಪ ಉದ್ದ, ಕಪ್ಪಗೆ ನುಣ್ಣಗೆ ಆಗಿದೆ. ಒಂದು ತುದಿ ಗಂಟೆಯ ಬಾಯಿಯ ಹಾಗೆ ಅಗಲ. ಇನ್ನೊಂದು ತುದಿಗೆ ದಾರ ಸುತ್ತಿದೆ. ಬೆರಳಿಡುವ ತೂತುಗಳ ಅಂಚು ಸವೆದು ತಗ್ಗಾಗಿದೆ. ಒಂದು ತೂತಿನಲ್ಲಿ ಮೇಣ ಅಂಟಿದೆ. ಕೊಳಲು ಅಂದುಕೊಂಡು ಊದಿ ನೋಡಿದೆವು, ಬರೀ ಗಾಳಿ ಬರುತ್ತದೆ.

ಎಲ್ಲಿಂದ ಶುರು ಮಾಡಲಿ? ಅಜ್ಜನ ಮನೆತನದ ಹೆಸರಿನ ಕಾಗುಣಿತ ಪಟ್ಟಿಯಲ್ಲಿ ಒಂದು ಥರ, ಇಲ್ಲಿಯ ಕಾಗದಗಳಲ್ಲಿ ಇನ್ನೊಂದು ಥರ ಇದೆ. ಎಲ್ಲಿಸ್ ದ್ವೀಪದಲ್ಲಿ ಬದಲಾಯಿಸಿದರು ಅಂತ ಮನೆಯಲ್ಲಿ ಹೇಳುತ್ತಾರೆ.

---

ಹಳೇ ಕಡತ, ಮಂಡ್ಯ

ತಾಯಿ, ನನಗೆ ಇಟಲಿ ಗೊತ್ತಿಲ್ಲ. ಕಂದಾಯ ಇಲಾಖೆಯಲ್ಲಿ 31 ವರ್ಷ ಹಳೆ ದಾಖಲೆ ನೋಡಿದವನು. ಒಂದೇ ಮಾತು ಹೇಳುತ್ತೇನೆ. ‘ತೆರ್ರಾನೋವಾ’ ಅಂದರೆ ‘ಹೊಸ ನೆಲ’ ಅಂತ ನನ್ನ ಮಗಳು ಹೇಳಿದಳು. ಅಂದರೆ ನಮ್ಮ ಹೊಸೂರು, ಹೊಸಹಳ್ಳಿ ಇದ್ದ ಹಾಗೆ. ಒಂದೊಂದು ತಾಲ್ಲೂಕಿಗೂ ಒಂದು ಹೊಸಹಳ್ಳಿ ಇರುತ್ತೆ. ಊರಿನ ಹೆಸರು ಹಿಡಿದು ಹುಡುಕಬೇಡಿ, ಜಿಲ್ಲೆ ಯಾವುದು ಅಂತ ಮೊದಲು ಹಿಡಿಯಿರಿ. ಜಿಲ್ಲೆ ತಪ್ಪಿದರೆ ಬೇರೆಯವರ ವಂಶಕ್ಕೆ ನೀವು ಸೊಸೆಯಾಗಿಬಿಡುತ್ತೀರಿ.

---

ತವರು ಧಾರವಾಡ

ತಂಗಿ, ನಿನ್ನ ಪ್ರಶ್ನೆ ಓದಿ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಗಂಡನ ಕಡೆಯವರು ದಕ್ಷಿಣ ಇಟಲಿಯ ಕಲಾಬ್ರಿಯಾದವರು. ಆರು ವರ್ಷ ಇದೇ ಕೆಲಸ ಮಾಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆ ಕೊಳವೆ. ಅದು ಕೊಳಲಲ್ಲ. ‘ಜಾಂಪೋನ್ಯಾ’ ಅನ್ನುವ ವಾದ್ಯದ ಒಂದು ನಳಿಕೆ ಇರಬೇಕು. ಆಡಿನ ಇಡೀ ಚರ್ಮದ ಚೀಲ, ಕಮ್ಮಾರನ ತಿದಿ ಇದ್ದ ಹಾಗೆ. ಚೀಲಕ್ಕೆ ಗಾಳಿ ತುಂಬಿ ಕಂಕುಳಲ್ಲಿ ಒತ್ತಿ ನುಡಿಸುತ್ತಾರೆ. ಎರಡು ಕೈಗೆ ಎರಡು ನಳಿಕೆ, ಜೊತೆಗೆ ಶ್ರುತಿ ಹಿಡಿಯುವ ನಳಿಕೆಗಳು. ದಾರ ಸುತ್ತಿದ ತುದಿ ಮರದ ಬುಡಕ್ಕೆ ಬಿಗಿಯಾಗಿ ಕೂರಲಿ ಅಂತ. ತೂತಿಗೆ ಮೇಣ ಹಚ್ಚುವುದು ಶ್ರುತಿ ಸರಿ ಮಾಡಲು. ನಾಲಗೆ, ಅಂದರೆ ಗಾಳಿಗೆ ಅದುರಿ ಸ್ವರ ಕೊಡುವ ತೆಳು ಪಟ್ಟಿ, ಇಲ್ಲದೆ ಅದು ನುಡಿಯುವುದಿಲ್ಲ, ಅದಕ್ಕೇ ನಿಮಗೆ ಬರೀ ಗಾಳಿ ಬಂತು. ಕ್ರಿಸ್ಮಸ್ ಹೊತ್ತಿಗೆ ಕುರುಬರು ಇದನ್ನು ನುಡಿಸುತ್ತಾ ಊರೂರು ತಿರುಗುತ್ತಿದ್ದರು. ಅದನ್ನು ಜೋಪಾನ ಮಾಡು.

ಈಗ ತೆರ್ರಾನೋವಾಗಳು. ಸಿಸಿಲಿಯಲ್ಲಿ ‘ತೆರ್ರಾನೋವಾ ದಿ ಸಿಚಿಲಿಯಾ’ ಇತ್ತು. ಈಗ ಆ ಹೆಸರು ಮ್ಯಾಪಿನಲ್ಲಿ ಸಿಗಲ್ಲ, 1927ರಲ್ಲಿ ಅದು ‘ಜೇಲಾ’ ಆಯಿತು. ಸಾರ್ಡಿನಿಯಾದಲ್ಲಿ ‘ತೆರ್ರಾನೋವಾ ಪೌಸಾನಿಯಾ’ ಇತ್ತು, ಅದು 1939ರಲ್ಲಿ ‘ಓಲ್ಬಿಯಾ’ ಆಯಿತು. ಕಲಾಬ್ರಿಯಾದಲ್ಲಿ ಎರಡು: ಕೊಸೆನ್ಸಾ ಜಿಲ್ಲೆಯ ‘ತೆರ್ರಾನೋವಾ ದಾ ಸೀಬರಿ’, ರೆಜ್ಜೊ ಜಿಲ್ಲೆಯ ‘ತೆರ್ರಾನೋವಾ ಸಾಪ್ಪೊ ಮಿನೂಲಿಯೊ’. ಅದರ ಪಕ್ಕದ ಪ್ರಾಂತ್ಯ ಬಸಿಲಿಕಾತಾದಲ್ಲಿ ಪೊತೆನ್ಸಾ ಜಿಲ್ಲೆಯ ‘ತೆರ್ರಾನೋವಾ ದಿ ಪೊಲ್ಲೀನೊ’. ಉತ್ತರದ ಕಡೆಯೂ ಇವೆ, ಆದರೆ ನೇಪಲ್ಸ್‌ನಿಂದ ಹಡಗು ಹತ್ತಿದವರಿಗೆ ದಕ್ಷಿಣವೇ ಮೊದಲು ನೋಡಬೇಕಾದ್ದು.

ಅಜ್ಜ ಕಥೆ ಕಟ್ಟಿರಲಿಲ್ಲ ತಂಗಿ. ಹೆಂಡತಿ ಇದ್ದ ಪಾದ್ರಿ ನಿಜವಾಗಿಯೂ ಇದ್ದ. ಒಟ್ಟೊಮನ್ ತುರ್ಕರು ನುಗ್ಗಿ ಬಂದಾಗ, 15 ಮತ್ತು 16ನೇ ಶತಮಾನದಲ್ಲಿ, ಅಲ್ಬೇನಿಯಾ ಕಡೆಯಿಂದ ಜನ ಓಡಿಬಂದು ದಕ್ಷಿಣ ಇಟಲಿಯಲ್ಲಿ ನೆಲೆಸಿದರು. ಅವರನ್ನು ‘ಅರ್ಬರೆಷ್’ ಅನ್ನುತ್ತಾರೆ. ಇವತ್ತಿಗೂ ತಮ್ಮ ಭಾಷೆ ಉಳಿಸಿಕೊಂಡಿದ್ದಾರೆ. ಪೋಪರನ್ನು ಒಪ್ಪುತ್ತಾರೆ, ಆದರೆ ಹಲವು ಊರುಗಳಲ್ಲಿ ಪೂಜೆ ಗ್ರೀಕ್ ಪದ್ಧತಿಯದು. ಆ ಪದ್ಧತಿಯಲ್ಲಿ ಮದುವೆಯಾದವರೂ ಪಾದ್ರಿ ಆಗಬಹುದು. ತೆರ್ರಾನೋವಾ ದಿ ಪೊಲ್ಲೀನೊ ಪಕ್ಕದಲ್ಲೇ ಸಾನ್ ಕೊಸ್ತಾಂತೀನೊ ಅಲ್ಬನೇಸೆ, ಸಾನ್ ಪಾವೊಲೊ ಅಲ್ಬನೇಸೆ ಅಂತ ಎರಡು ಅರ್ಬರೆಷ್ ಊರುಗಳಿವೆ. ಹೆಸರಿನಲ್ಲೇ ‘ಅಲ್ಬೇನಿಯಾದ’ ಅಂತ ಇದೆ ನೋಡು. ಆದರೆ ತೆರ್ರಾನೋವಾ ದಾ ಸೀಬರಿ ಸುತ್ತಲೂ ಅಂಥ ಊರುಗಳಿವೆ. ಹಾಗಾಗಿ ಇದೊಂದರಿಂದಲೇ ತೀರ್ಮಾನ ಮಾಡಬೇಡ.

ಹಿಮದ ಮಾತು ಇದೆಯಲ್ಲ, ಅದು ಪೊಲ್ಲೀನೊ ಕಡೆಗೆ ತೂಗುತ್ತದೆ. ಅದು ಬೆಟ್ಟದ ಮೇಲಿನ ಊರು, 900 ಮೀಟರಿಗಿಂತ ಎತ್ತರ. ಜಾಂಪೋನ್ಯಾ ಮಾಡುವವರಿಗೆ ಆ ಊರು ಇವತ್ತಿಗೂ ಹೆಸರುವಾಸಿ. ನನ್ನ ಮನಸ್ಸು ಅಲ್ಲೇ ಹೋಗುತ್ತಿದೆ. ಆದರೂ ಕಾಗದ ಬೇಕು.

ಕಾಗದ ಮೊದಲು ಅಮೆರಿಕದಲ್ಲೇ ಹುಡುಕು. ಇಟಲಿಗೆ ಈಗಲೇ ಬರೆಯಬೇಡ. ಅಜ್ಜ 1907ರ ನಂತರ ಬಂದಿದ್ದರೆ ಹಡಗಿನ ಪಟ್ಟಿಯಲ್ಲೇ ಹುಟ್ಟಿದ ಊರು, ಊರಲ್ಲಿರುವ ಹತ್ತಿರದ ಸಂಬಂಧಿಯ ಹೆಸರು ಇರುತ್ತಿತ್ತು. 1903ರ ಪಟ್ಟಿಯಲ್ಲಿ ಆ ಕಾಲಂ ಇಲ್ಲ. ಅಜ್ಜ ಅಮೆರಿಕದ ಪೌರತ್ವ ತೆಗೆದುಕೊಂಡಿದ್ದರಾ? 1906ರ ಸೆಪ್ಟೆಂಬರ್ ನಂತರದ ಪೌರತ್ವದ ಅರ್ಜಿಗಳು ಒಂದೇ ನಮೂನೆಯವು, ಹುಟ್ಟಿದ ತಾರೀಖು, ಊರು ಎಲ್ಲ ಕೇಳುತ್ತವೆ. 1942ರ ಏಪ್ರಿಲ್‌ನಲ್ಲಿ 45ರಿಂದ 64 ವಯಸ್ಸಿನ ಗಂಡಸರೆಲ್ಲ ಸೈನ್ಯದ ನೋಂದಣಿ ಕಾರ್ಡು ತುಂಬಬೇಕಾಗಿತ್ತು. ನಿಮ್ಮ ಅಜ್ಜನಿಗೆ ಆಗ 63. ಅದರಲ್ಲೂ ಹುಟ್ಟೂರು ಇರುತ್ತದೆ.

ಅಜ್ಜಿಗಾಗಿ 1908ರ ಮದುವೆ ದಾಖಲೆ ತೆಗೆಸು. ಎರಡು ಕಡೆ ಕೇಳು. ಸರ್ಕಾರಿ ದಾಖಲೆಯಲ್ಲಿ ಇಬ್ಬರ ತಂದೆ ತಾಯಿಯ ಹೆಸರು, ತಾಯಂದಿರ ತವರಿನ ಹೆಸರು ಸಹಿತ ಇರಬೇಕು. ಚರ್ಚಿನ ಪುಸ್ತಕದಲ್ಲಿ ಯಾವ ಊರಿನ ಯಾವ ಚರ್ಚಿನಲ್ಲಿ ದೀಕ್ಷಾಸ್ನಾನ ಆಗಿತ್ತು ಅಂತ ಬರೆದಿರುವ ಸಾಧ್ಯತೆ ಇದೆ. ಚರ್ಚಿಗೆ ಫೋನ್ ಮಾಡಬೇಡ, ಸ್ವತಃ ಹೋಗು. ಅತ್ತೆಯನ್ನೂ ಕರೆದುಕೊಂಡು ಹೋಗು. 84 ವರ್ಷದವರು ಎದುರಿಗೆ ಕೂತರೆ ಪುಸ್ತಕ ತೆಗೆಯುತ್ತಾರೆ.

ಒಮ್ಮೆ ಇಟಲಿಯ ಪುಸ್ತಕ ಸಿಕ್ಕಿತು ಅಂದರೆ ಹೆಂಗಸರನ್ನು ಹುಡುಕುವುದು ಅಮೆರಿಕದಷ್ಟು ಕಷ್ಟ ಅಲ್ಲ. ಅಲ್ಲಿ ಹೆಣ್ಣುಮಕ್ಕಳು ಮದುವೆ ನಂತರವೂ ಹುಟ್ಟಿದ ಮನೆಯ ಹೆಸರಿನಲ್ಲೇ ದಾಖಲೆಯಲ್ಲಿ ಇರುತ್ತಾರೆ. ಹುಟ್ಟಿದಾಗ, ಮದುವೆಯಾದಾಗ, ಸತ್ತಾಗ, ಒಂದೇ ಹೆಸರು. ನನ್ನ ಗಂಡನ ಮನೆಯ ಒಬ್ಬ ಮುತ್ತಜ್ಜಿಯನ್ನು ನಾನು ಹಿಡಿದದ್ದು ಹೀಗೇ.

ಆಮೇಲೆ ‘ಆಂತೆನಾತಿ’ ಪೋರ್ಟಲ್. ‘ಪೂರ್ವಜರು’ ಅಂತ ಅರ್ಥ. ಇಟಲಿ ಸರ್ಕಾರದ ದಾಖಲೆ ಭಂಡಾರಗಳದ್ದು, ದುಡ್ಡು ಕೊಡಬೇಕಿಲ್ಲ. ದಕ್ಷಿಣದ ಮುಖ್ಯ ನೆಲದಲ್ಲಿ ಜನನ ಮರಣ ನೋಂದಣಿ ನೆಪೋಲಿಯನ್ ಕಾಲದಲ್ಲೇ, 1809ರಲ್ಲಿ ಶುರುವಾಯಿತು. ಸಿಸಿಲಿಯಲ್ಲಿ 1820. ಪ್ರತಿ ಪುಸ್ತಕಕ್ಕೂ ಎರಡು ಪ್ರತಿ: ಒಂದು ಊರಿನ ‘ಕೊಮೂನೆ’ ಕಚೇರಿಯಲ್ಲಿ, ಇನ್ನೊಂದು ಕೋರ್ಟಿಗೆ ಹೋಗಿ ಅಲ್ಲಿಂದ ಜಿಲ್ಲೆಯ ದಾಖಲೆ ಭಂಡಾರಕ್ಕೆ. ಒಂದು ಸುಟ್ಟುಹೋದರೂ ಇನ್ನೊಂದು ಇರಬಹುದು. ಹೆಸರು ಟೈಪ್ ಮಾಡಿ ಸಿಗದಿದ್ದರೆ ಇಲ್ಲ ಅಂತ ಅಲ್ಲ. ಹೆಸರಿನ ಹುಡುಕಾಟಕ್ಕೆ ಸೇರಿಸಿರುವುದು ಸ್ವಲ್ಪ ಮಾತ್ರ. ಪುಟ ತಿರುಗಿಸಬೇಕು. ವರ್ಷದ ಕೊನೆಯಲ್ಲಿ ಸೂಚಿ ಇರುತ್ತದೆ. ಕೆಲವು ಹಳೆ ಸೂಚಿಗಳು ಮನೆತನದ ಹೆಸರಿನಿಂದ ಅಲ್ಲ, ಸ್ವಂತ ಹೆಸರಿನಿಂದ ಶುರುವಾಗುತ್ತವೆ. ನಾನು ಅದು ತಿಳಿಯದೆ ಎರಡು ತಿಂಗಳು ಕಳೆದೆ.

ಓದುವಾಗ ಒಂದು ಪುಟ್ಟ ಪದ ನೋಡಿಕೋ: ‘ಫು’. ತಂದೆಯ ಹೆಸರಿನ ಮುಂದೆ ‘ದಿ’ ಇದ್ದರೆ ಆ ದಿನ ಬದುಕಿದ್ದಾರೆ, ‘ಫು’ ಇದ್ದರೆ ತೀರಿಕೊಂಡಿದ್ದಾರೆ. ಅವರ ‘ದಿ’ ನಮ್ಮ ‘ಬಿನ್’ ಇದ್ದ ಹಾಗೆ, ‘ಫು’ ನಮ್ಮ ‘ದಿವಂಗತ’ ಇದ್ದ ಹಾಗೆ. ಎರಡು ಅಕ್ಷರದಿಂದ ಮರಣ ದಾಖಲೆ ಯಾವ ವರ್ಷಗಳ ನಡುವೆ ಹುಡುಕಬೇಕು ಅಂತ ಗೊತ್ತಾಗುತ್ತದೆ.

ಇನ್ನೊಂದು ಎಚ್ಚರಿಕೆ. ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು. ನಮ್ಮ ಮನೆಗಳ ಪದ್ಧತಿಯೇ. ಹಾಗಾಗಿ ಒಬ್ಬ ಅಜ್ಜನ ಐದು ಗಂಡುಮಕ್ಕಳು ಐದು ಮೊಮ್ಮಕ್ಕಳಿಗೆ ಅದೇ ಹೆಸರು ಇಟ್ಟಿರುತ್ತಾರೆ, ಎಲ್ಲರೂ ಹತ್ತು ವರ್ಷದೊಳಗೆ ಹುಟ್ಟಿರುತ್ತಾರೆ. ತಾಯಿಯ ಹೆಸರು ಹೊಂದುವವರೆಗೆ ‘ಸಿಕ್ಕಿತು’ ಅನ್ನಬೇಡ.

ಎಲ್ಲಿಸ್ ದ್ವೀಪದ ಗುಮಾಸ್ತರು ಹೆಸರು ಬದಲಾಯಿಸಲಿಲ್ಲ. ಪಟ್ಟಿ ಹೊರಡುವ ಬಂದರಿನಲ್ಲೇ ತಯಾರಾಗುತ್ತಿತ್ತು, ಇಲ್ಲಿಯವರು ಅದನ್ನು ಹಿಡಿದು ಪ್ರಶ್ನೆ ಕೇಳುತ್ತಿದ್ದರು. ಕಾಗುಣಿತ ಬದಲಾಗಿದ್ದು ಆಮೇಲೆ, ಶಾಲೆಯಲ್ಲಿ, ಕೆಲಸದ ಕಡೆ. ಪಟ್ಟಿಯಲ್ಲಿರುವುದನ್ನೇ ಮೊದಲು ನಂಬು.

ನಾನು ಚಿಕ್ಕವಳಿದ್ದಾಗ ನಮ್ಮ ಅಜ್ಜಿಯ ಹಳ್ಳಿಗೆ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬಂದು, ಕಟ್ಟೆಯ ಮೇಲೆ ಕೂತು ನಮ್ಮ ಮನೆತನದ ಹೆಸರೆಲ್ಲ ಹೇಳುತ್ತಿದ್ದರು. ಅಜ್ಜಿ ಮೊರದಲ್ಲಿ ಜೋಳ ತಂದು ಹಾಕುತ್ತಿದ್ದರು. ಆ ಇಟಲಿಯ ಪುಸ್ತಕದಲ್ಲಿ ಗಂಡನ ಮನೆಯವರ ಹೆಸರು ಸಾಲಾಗಿ ಸಿಗುತ್ತಾ ಹೋದಾಗ ನನಗೆ ಆ ಗಂಟೆಯ ಸದ್ದೇ ನೆನಪಾಯಿತು.

---

ಶಿರಸಿ ಕಡೆಯವಳು

ಅಕ್ಕಾ, ಏನು ಹೇಳಲಿ! ನಿಮ್ಮ ಉತ್ತರವನ್ನು ಇಂಗ್ಲಿಷಿನಲ್ಲಿ ಅತ್ತೆಗೆ ಓದಿ ಹೇಳಿದೆ. ಪಾದ್ರಿಯ ಹೆಂಡತಿಯ ಮಾತು ಬಂದಾಗ ಟೇಬಲ್ ತಟ್ಟಿ “ನಮ್ಮಜ್ಜ ಸುಳ್ಳು ಹೇಳಿರಲಿಲ್ಲ” ಅಂದರು. ಚರ್ಚಿಗೆ ಈ ಶನಿವಾರ ಹೋಗುತ್ತೇವೆ. ಊರು ಗೊತ್ತಾದರೆ ಅಲ್ಲಿ ಅಜ್ಜನ ಅಪ್ಪ ಅಮ್ಮನ ಗೋರಿ ಸಿಗಬಹುದಾ?

---

ಬೊಲೊನ್ಯಾದಿಂದ

ನಾನು ಇಲ್ಲಿ 11 ವರ್ಷದಿಂದ ಇದ್ದೇನೆ. ಗೋರಿಯ ಆಸೆ ಅತ್ತೆಯವರಿಗೆ ಹುಟ್ಟಿಸಬೇಡಿ. ಇಲ್ಲಿ ಸ್ಮಶಾನದ ಜಾಗ ಸಾಮಾನ್ಯವಾಗಿ ಕೆಲವು ವರ್ಷಕ್ಕೆ ಕೊಡುವುದು. ಅವಧಿ ಮುಗಿದ ಮೇಲೆ ಮೂಳೆಗಳನ್ನು ತೆಗೆದು ಒಂದೆಡೆ ಇಡುತ್ತಾರೆ. 1800ರ ದಶಕಗಳ ಬಡವರ ಗೋರಿ ಉಳಿದಿರುವುದು ಅಪರೂಪ. ಆದರೂ ಸ್ಮಶಾನಕ್ಕೆ ಹೋಗಿ. ಕಲ್ಲುಗಳ ಮೇಲೆ ಪಿಂಗಾಣಿಯಲ್ಲಿ ಫೋಟೊ ಇರುತ್ತದೆ. ಅದೇ ಮನೆತನದ ಹೆಸರುಗಳು ಸಿಗಬಹುದು, ಮುಖದ ಹೋಲಿಕೆಯೂ ಕಾಣಬಹುದು. ಚೌಕದಲ್ಲಿ ಮೊದಲ ಮಹಾಯುದ್ಧದಲ್ಲಿ ಸತ್ತವರ ಸ್ಮಾರಕ ಇದ್ದರೆ ಅದರ ಮೇಲಿನ ಹೆಸರುಗಳನ್ನೂ ಓದಿ.

ಕೊಮೂನೆಗೆ ಹೋಗುವ ಎರಡು ತಿಂಗಳ ಮೊದಲು ಈಮೇಲ್ ಬರೆಯಿರಿ, ಇಟಾಲಿಯನ್ನಿನಲ್ಲಿ, ನಾಲ್ಕೇ ಸಾಲು. ಹೆಸರು, ಹುಟ್ಟಿದ ತಾರೀಖು, ತಂದೆ ತಾಯಿ ಹೆಸರು, ಏನು ಬೇಕು. ಕಥೆ ಬರೆಯಬೇಡಿ, ಕಥೆಯನ್ನು ಎದುರಿಗೆ ಕೂತು ಹೇಳಿ. ಸಣ್ಣ ಊರಿನ ಕಚೇರಿ ಹೆಚ್ಚಾಗಿ ಬೆಳಿಗ್ಗೆ ಮಾತ್ರ ತೆರೆದಿರುತ್ತದೆ. ಆಗಸ್ಟ್ 15ರ ಆಸುಪಾಸು ಯಾರೂ ಸಿಗಲ್ಲ, ಸೆಪ್ಟೆಂಬರ್ ಒಳ್ಳೆಯದು. ಪೊಲ್ಲೀನೊದ ಊರೇ ಆದರೆ ಅಲ್ಲಿಗೆ ರೈಲಿಲ್ಲ. ಕಾರು ಬಾಡಿಗೆ ಮಾಡಿ, ಬೆಟ್ಟದ ತಿರುವುಗಳಲ್ಲಿ ಹಗಲಲ್ಲೇ ಓಡಿಸಿ.

ಜಿಲ್ಲೆಯ ದಾಖಲೆ ಭಂಡಾರದಲ್ಲಿ ‘ಲಿಸ್ತೆ ದಿ ಲೇವಾ’ ಕೇಳಿ. ಸೈನ್ಯಕ್ಕೆ ಕರೆಯಬೇಕಾದ ಹುಡುಗರ ಪಟ್ಟಿ ಅದು. ಎತ್ತರ, ಕೂದಲು, ಕಣ್ಣಿನ ಬಣ್ಣ, ಕಸುಬು, ಓದು ಬರುತ್ತದೆಯೇ ಅಂತ ಸೈನ್ಯದ ದಾಖಲೆಗಳಲ್ಲಿ ಬರೆದಿರುತ್ತಾರೆ. ಅಜ್ಜನ 20ರ ವಯಸ್ಸಿನ ಫೋಟೊ ಇಲ್ಲದಿದ್ದರೂ ಆಳು ಹೇಗಿದ್ದ ಅಂತ ತಿಳಿಯುತ್ತದೆ.

ಯಾರಾದರೂ ಪೌರತ್ವದ ಆಸೆ ಹುಟ್ಟಿಸಿದರೆ ದುಡ್ಡು ಕೊಡುವ ಮೊದಲು ನೋಡಿಕೊಳ್ಳಿ. 2025ರಲ್ಲಿ ಕಾನೂನು ಬದಲಾಗಿದೆ. ಮೊದಲಿನ ಹಾಗೆ ಎಷ್ಟು ತಲೆಮಾರು ಹಿಂದಿನ ಪೂರ್ವಜರನ್ನಾದರೂ ತೋರಿಸಿ ಕೇಳುವಂತಿಲ್ಲ. ಸಾಮಾನ್ಯವಾಗಿ ಅಪ್ಪ ಅಮ್ಮ ಅಥವಾ ಅಜ್ಜ ಅಜ್ಜಿಯವರೆಗೆ ಮಾತ್ರ, ಅದಕ್ಕೂ ಷರತ್ತುಗಳಿವೆ.

---

ಶಿರಸಿ ಕಡೆಯವಳು

ಒಂಬತ್ತು ವಾರದ ನಂತರ ಬರೆಯುತ್ತಿದ್ದೇನೆ.

1942ರ ಕಾರ್ಡಿನಲ್ಲಿ ಮತ್ತೆ ಬರೀ ‘ತೆರ್ರಾನೋವಾ, ಇಟಲಿ’. ಪೌರತ್ವದ ಅರ್ಜಿಯಲ್ಲಿ ‘ತೆರ್ರಾನೋವಾ, ಪೊತೆನ್ಸಾ’! ಮಂಡ್ಯದ ಅಣ್ಣ ಹೇಳಿದ ಜಿಲ್ಲೆ ಸಿಕ್ಕಿತು. ಧಾರವಾಡದ ಅಕ್ಕ ಹೇಳಿದ್ದೇ ಆಯಿತು.

ಚರ್ಚಿನಲ್ಲಿ ಮೊದಲು ಆಗಲ್ಲ ಅಂದರು. ಅತ್ತೆ ಏನೂ ವಾದ ಮಾಡಲಿಲ್ಲ. ಕುರ್ಚಿಯಲ್ಲಿ ಕೂತು ಕೋಟಿನ ಗುಂಡಿ ಬಿಚ್ಚಿದರು ಅಷ್ಟೇ. ಸ್ವಲ್ಪ ಹೊತ್ತಿಗೆ ಪುಸ್ತಕ ಬಂತು. ಅಜ್ಜಿಯ ತಂದೆ ತಾಯಿ ಇಬ್ಬರ ಹೆಸರೂ ಇತ್ತು, ತವರಿನ ಹೆಸರೂ ಇತ್ತು. ಅತ್ತೆ ಅದನ್ನು ತಮ್ಮ ಕೈಬರಹದಲ್ಲೇ ಒಂದು ಚೀಟಿಯಲ್ಲಿ ಬರೆದುಕೊಂಡರು. ನಾನು ಫೋಟೊ ತೆಗೆದಿದ್ದೇನೆ ಅಂದರೂ ಕೇಳಲಿಲ್ಲ.

ಅಜ್ಜನ ಹೆಸರಿನವರು 1876ರಿಂದ 1882ರ ಒಳಗೆ ಆ ಊರಲ್ಲಿ ಮೂವರು ಹುಟ್ಟಿದ್ದಾರೆ, ಮೂವರ ಅಜ್ಜನೂ ಒಬ್ಬನೇ. ಮದುವೆ ದಾಖಲೆಯಲ್ಲಿದ್ದ ತಾಯಿಯ ಹೆಸರು ಹೊಂದಿದ್ದು ಒಬ್ಬರಿಗೆ ಮಾತ್ರ. ತಂದೆಯ ಕಸುಬು ಕುರುಬ. ಕೊನೆಯಲ್ಲಿ, ಸಾಕ್ಷಿಗಳಿಗೆ ಬರೆಯಲು ಬಾರದು ಅಂತ ಬರೆದು ಮೇಯರ್ ಒಬ್ಬರೇ ಸಹಿ ಮಾಡಿದ್ದಾರೆ.

ಅಜ್ಜಿಯದು 1887. ಅದನ್ನು ಓದಲು ಒಂದು ವಾರ ಹಿಡಿಯಿತು. ಮಗು ಹುಟ್ಟಿದ್ದನ್ನು ಬರೆಸಲು ಬಂದವರು ತಂದೆಯಲ್ಲ, ‘ಲೆವಾತ್ರಿಚೆ’. ಸೂಲಗಿತ್ತಿ ಅಂತೆ. ತಂದೆ ಊರಲ್ಲಿಲ್ಲದ ಕಾರಣ ತಾನು ಬಂದಿದ್ದೇನೆ ಅಂತ ಹೇಳಿದ್ದಾಳೆ. ಎಲ್ಲಿಗೆ ಹೋಗಿದ್ದರೋ, ಅಮೆರಿಕಕ್ಕೇ ಇರಬಹುದು. ಹೆರಿಗೆ ಮಾಡಿಸಿದವಳು ಮಗುವನ್ನು ಎತ್ತಿಕೊಂಡು ಕಚೇರಿಗೆ ಬಂದು ಹೆಸರು ಬರೆಸಿದ್ದಾಳೆ. ಆ ಮಗು ಮುಂದೆ ನ್ಯೂಅರ್ಕ್‌ನಲ್ಲಿ ಹೆರಿಗೆಯಲ್ಲೇ ಹೋಯಿತು. ಇದನ್ನು ಅತ್ತೆಗೆ ಹೇಳುವಾಗ ನನ್ನ ಗಂಟಲು ಕಟ್ಟಿತು.

ಅತ್ತೆ ಕಂಪ್ಯೂಟರ್ ಪರದೆಗೆ ತೀರಾ ಹತ್ತಿರ ಬಂದು ಅಜ್ಜಿಯ ಪೂರ್ತಿ ಹೆಸರು ಓದಿದರು. ಮೂರು ಸಲ ಓದಿದರು. ಆಮೇಲೆ ಸೂಲಗಿತ್ತಿಯ ಹೆಸರನ್ನೂ ಓದಿದರು.

ಧಾರವಾಡದ ಅಕ್ಕಾ, ಒಂದು ಸಹಾಯ ಬೇಕು. ಅಜ್ಜಿಯ ಅಪ್ಪ ಅಮ್ಮನ ಮದುವೆ ದಾಖಲೆ ಹುಡುಕಬೇಕು, 1880ರ ಹತ್ತಿರ ಇರಬೇಕು. ಮದುವೆಗೆ ಕೊಟ್ಟ ಕಾಗದಗಳನ್ನೂ ಬೇರೆ ಕಟ್ಟು ಮಾಡಿ ಇಡುತ್ತಾರಂತೆ, ಅದು ಎಲ್ಲಿ ಸಿಗುತ್ತದೆ? ಬೊಲೊನ್ಯಾದ ಅಣ್ಣಾ, ಕೊಮೂನೆಗೆ ನಾಲ್ಕು ಸಾಲಿನ ಪತ್ರ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿಕೊಡಿ.

ಸೆಪ್ಟೆಂಬರ್ 9ಕ್ಕೆ ಟಿಕೆಟ್ ಆಗಿದೆ. ಊರಲ್ಲಿ ಜಾಂಪೋನ್ಯಾ ಮಾಡುವವರಿಗೆ ಆ ನಳಿಕೆ ತೋರಿಸಬೇಕು, ನಾಲಗೆ ಹಾಕಿ ಒಂದು ಸಲ ನುಡಿಸಲು ಆಗುತ್ತದಾ ಕೇಳಬೇಕು ಅಂತಿದ್ದಾರೆ ಅತ್ತೆ. ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಡೋಣ ಅಂದೆ. ಒಪ್ಪಲಿಲ್ಲ. ಕೈಚೀಲದಲ್ಲೇ ಇರಲಿ ಅಂದರು.